ನಾಲ್ಕನೆಯ ತಾಯಿ

"ಇನ್ನೊಂದು ಹೆಜ್ಜಿ ಮುಂದಿಟ್ಟರ ಕಾಲು ಮುರಿತೀನಿ ನೋಡು," ಎಂದಳು ಅಸ್ಫಿಯಾ.

ಮೈಲಮ್ಮ ನಿಂತಲ್ಲೇ ನಿಂತಳು. ಎದುರಿನ ಹುಡುಗಿಗೆ ಇಪ್ಪತ್ತೂ ತುಂಬಿರಲಿಕ್ಕಿಲ್ಲ. ಮೋಟಾಗಿ ಕತ್ತರಿಸಿದ ಕೂದಲಿಗೆ ಕೆಂಪು ಬಣ್ಣ, ಕಿವಿಯಲ್ಲಿ ಓಲೆಯ ಬದಲು ಪಿನ್ನು, ಕೈಯಲ್ಲಿ ಸೈಕಲ್ ಚೈನು. ಬೆನ್ನ ಹಿಂದೆ, ಎರಡು ವರ್ಷದಿಂದ ಮುಚ್ಚಿದ್ದ ಕೊಟ್ಟೂರಿನ ಹಳೇ ಟಾಕೀಸು.

ಮನೆ ಬಿಟ್ಟು ಓಡಿಬಂದ ಆರು ಜನ ಅದರೊಳಗೆ ಸಂಸಾರ ಹೂಡಿದ್ದರು. ಇದಕ್ಕೆಲ್ಲ ಒಂದು ಸಿನಿಮಾವೇ ಕಾರಣವೆಂದು ಊರು ಬೈಯುತ್ತಿತ್ತು. ಮನೆಬಿಟ್ಟ ಪುಂಡ ಹುಡುಗರು ಹಾಳು ಗೋದಾಮಿನಲ್ಲಿ ಒಂದೇ ಒಲೆ ಹಚ್ಚಿ, ಒಡಹುಟ್ಟಿದವರಂತೆ ಬದುಕುವ ಕಥೆ. ಟಾಕೀಸಿನಲ್ಲಿ ಓಡಿದ ಕೊನೆಯ ಚಿತ್ರ. ನಾಲ್ಕೇ ದಿನಕ್ಕೆ ಎತ್ತಿಹಾಕಿದರು. ನೋಡಿದವರೇ ಕಡಿಮೆ, ಮೈಲಮ್ಮನ ಮಗ ಕನಕರಾಜ ಮಾತ್ರ ನಾಲ್ಕು ದಿನವೂ ನೋಡಿದ್ದ.

"ಕನಕನ್ನ ಕರಿಯವ್ವಾ. ಒಂದು ಮಾತು ಆಡೋದೈತಿ."

"ನಿನ್ನ ಮಾತು ಗೊತ್ತೈತಿ. ನಿನಗಿಂತ ಮೊದಲು ಮೂರು ಮಂದಿ ತಾಯಂದಿರು ಬಂದು ಅತ್ತು ಹೋಗ್ಯಾರ. ಒಬ್ಬಾಕಿ ಮಗಳನ್ನ ಎಳಕೊಂಡು ಹೋದ್ಲು. ಅಲ್ಲಿ ಆ ಹುಡುಗಿ ತಲಿ ಬೋಳಿಸಿ ಕೂಡಿಹಾಕ್ಯಾರ, ಗೊತ್ತೇನು?"

ಮೈಲಮ್ಮ ತಲೆ ತಗ್ಗಿಸಿದಳು. ಹಂಪಸಾಗರದಿಂದ ಬಸ್ಸಿನಲ್ಲಿ ಬರುವಾಗ ಆ ಒಂದು ಮಾತನ್ನು ಎಷ್ಟು ಸಲ ಮನಸ್ಸಿನಲ್ಲೇ ಆಡಿ ನೋಡಿದ್ದಳೋ! ಈ ಹುಡುಗಿಯ ಕಣ್ಣೆದುರು ಅದು ಬಾಯಿಗೇ ಬರಲೊಲ್ಲದು. ಆಗುವುದಿಲ್ಲವೆಂದರೆ ಏನು ಗತಿ?

ಗದ್ದಲ ಕೇಳಿ ಕನಕರಾಜ ಹೊರಬಂದ. ಹರಿದ ಜೀನ್ಸು, ಕೊರಳಲ್ಲಿ ಕಬ್ಬಿಣದ ಸರಪಳಿ. ತಾಯಿಯನ್ನು ಕಂಡದ್ದೇ ಮುಖ ಗಂಟಿಕ್ಕಿದ.

"ಅಪ್ಪ ಕಳಿಸಿದನೇನು?"

"ಅವಗ ಗೊತ್ತಿಲ್ಲ. ಸಂತಿಗೆ ಹೋಗ್ಯಾನ."

"ಕುರಿ ಕಾಯಾಕ ಆಳು ಸಿಗವಲ್ರೇನು? ಬೆನ್ನಮ್ಯಾಲಿನ ಬಾಸುಂಡಿ ಇನ್ನೂ ಮಾಸಿಲ್ಲವ್ವಾ. ಅಂವ ಬಡಿಯುವಾಗ ನೀ ನಿಂತು ನೋಡಿದಿ. ಬ್ಯಾಡ ಅಂತ ಒಂದು ಮಾತು ಅನಲಿಲ್ಲ."

"ಹೌದಪಾ. ಅನಲಿಲ್ಲ."

"ಈಗ್ಯಾಕ ಬಂದಿ ಮತ್ತ?"

ಮೈಲಮ್ಮ ಕಣ್ಣೊರೆಸಲು ಸೆರಗೆತ್ತಿದಳು. ಮೊಣಕೈಯಿಂದ ಭುಜದವರೆಗೆ ತೋಳು ಕಪ್ಪುಗಟ್ಟಿತ್ತು. ಕನಕರಾಜನ ದನಿ ಉಡುಗಿತು.

"ನಾ ಬಂದ ಮ್ಯಾಲ ನಿನಗ ಬಡಿಯಾಕ ಹತ್ಯಾನೇನು?"

ಅವಳು ಸೆರಗೆಳೆದು ತೋಳು ಮುಚ್ಚಿಕೊಂಡಳು. ಅವನು ಸರ್ರನೆ ಒಳಹೋಗಿ ತನ್ನೆರಡು ಅಂಗಿ ಸುತ್ತಿಕೊಂಡು ಬಂದ. ಅಸ್ಫಿಯಾ ಅಡ್ಡ ನಿಂತಳು.

"ಹೋದಿ ಅಂದ್ರ ತಿರುಗಿ ಈ ಕಡಿ ಮಾರಿ ತೋರಿಸಬ್ಯಾಡ ಲೇ."

"ಆತು. ಅಲ್ಲಿ ಅವ್ವನ್ನ ಒಬ್ಬಾಕಿನ್ನ ಬಿಡಾಕ ನನಗ ಆಗೂದಿಲ್ಲ." ಅವನು ತಾಯಿಯ ಕೈ ಹಿಡಿದ. "ನಡಿ ಅವ್ವಾ, ಮನಿಗೆ ಹೋಗೂನು."

ಮೈಲಮ್ಮ ಅಲುಗಲಿಲ್ಲ. ಮಗನ ಕೈ ಬಿಡಿಸಿಕೊಂಡು ಅಸ್ಫಿಯಾಳ ಕಡೆ ತಿರುಗಿದಳು.

"ಇವನ್ನ ಕರಕೊಂಡು ಹೋಗಾಕ ಬಂದಿಲ್ಲವ್ವಾ. ನಾನೂ ಮನಿ ಬಿಟ್ಟು ಬಂದೀನಿ. ಒಳಗ ನನಗೊಂದೀಟು ಜಾಗ ಕೊಡ್ತೀಯೇನು?"