ಮೂರು ರಿಂಗಿನೊಳಗೆ

ತಿಥಿಗೆ ಬಂದ ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಆರಕ್ಕೆ ಬಚ್ಚಲುಮನೆಯ ಫೋನು ಎಂದಿನಂತೆ ಬಡಿದುಕೊಂಡಿತು. ಅಹಲ್ಯ ಓಡಿಹೋಗಿ ಎತ್ತಿದಳು.

“ಕ್ಷೇಮವೇ?”

“ಕ್ಷೇಮ.”

ರಕ್ಷಣಾ ಕಚೇರಿಯ ನಿಯಮದಂತೆ ಊರಿನ ಪ್ರತಿ ಮನೆಯ ಪ್ರತಿ ಕೋಣೆಯಲ್ಲೂ ಫೋನಿರಬೇಕು, ಬಿದ್ದವರ ಕೈಗೂ ಎಟಕುವಂತೆ ನೆಲದಿಂದ ಒಂದೇ ಗೇಣು ಮೇಲೆ. ಗಂಟೆಗೊಮ್ಮೆ ಯಾವುದಾದರೊಂದು ಬಡಿದುಕೊಳ್ಳುತ್ತದೆ. ಮೂರು ರಿಂಗಿನೊಳಗೆ ಎತ್ತದಿದ್ದರೆ ರಕ್ಷಣಾ ವ್ಯಾನು ಬರುತ್ತದೆ. ಒಂಟಿಯಾಗಿರುವವರನ್ನಾದರೆ ಹಗಲೂ ರಾತ್ರಿ ಕಾವಲಿರುವ ನಿಗಾಮನೆಗೆ ಒಯ್ಯುತ್ತದೆ. ಅಡುಗೆಮನೆಯ ಫೋನು ಎತ್ತಲು ಮಹಡಿಯಿಂದ ಓಡಿಬರುವಾಗಲೇ ಅವಳ ಗಂಡ ಸುಧೀಂದ್ರ ಮೆಟ್ಟಿಲ ಮೇಲೆ ಜಾರಿ ಬಿದ್ದು ಸತ್ತಿದ್ದ. ಅದಕ್ಕೆಂದೇ ಕಚೇರಿಯವರು ಮೆಟ್ಟಿಲಿಗೆ ಇನ್ನೂ ಎರಡು ಫೋನು ಕಳಿಸಿದ್ದರು.

ಅಹಲ್ಯ ಆ ಪೆಟ್ಟಿಗೆ ಬಿಚ್ಚಲಿಲ್ಲ. ಫೋನು ಕೂರಿಸಲು ಸುಧೀಂದ್ರ ಪಕ್ಕದ ಮನೆಯ ರೇವಣ್ಣನಿಂದ ತಂದಿದ್ದ ಡ್ರಿಲ್ ಮೂಲೆಯಲ್ಲಿತ್ತು. ಅದನ್ನು ಉಲ್ಟಾ ತಿರುಗಿಸಿ ಒಂದೊಂದೇ ಸ್ಕ್ರೂ ಬಿಚ್ಚಿ, ಐದು ಫೋನು ಕಿತ್ತಳು. ಹಾಸಿಗೆಯ ಪಕ್ಕದ್ದೊಂದನ್ನು ಉಳಿಸಿ, ಅದರ ಗಂಟೆಯ ತಂತಿ ಕತ್ತರಿಸಿದಳು. ಏಳಕ್ಕೆ ಮನೆಯಲ್ಲಿ ಯಾವುದೂ ಸದ್ದು ಮಾಡಲಿಲ್ಲ.

ಡ್ರಿಲ್ ಹಿಡಿದು ಪಕ್ಕದ ಮನೆಗೆ ಹೋದಳು.

“ಇಷ್ಟು ಬೇಗ ವಾಪಸ್ ಯಾಕಮ್ಮ? ಮೆಟ್ಟಿಲಿಗೆ ಫೋನು ಕೂರಿಸ್ಬೇಕಲ್ಲ,” ಎಂದ ರೇವಣ್ಣ.

“ಕೂರಿಸಲ್ಲ ಅಣ್ಣ. ಇದ್ದವನ್ನೂ ಕಿತ್ತೆ. ಒಂದು ಉಳಿಸಿದೀನಿ. ಬಿದ್ರೆ ನಾನೇ ಕರೀತೀನಿ.”

“ಓದಿದವಳು ನೀನು, ಹಿಂಗಾ ಮಾಡೋದು? ವ್ಯಾನ್ ಬರುತ್ತಲ್ಲ ತಾಯಿ!”

ಬೀದಿಯ ತುದಿಯಲ್ಲಿ ಸೈರನ್ ಆಗಲೇ ಕೇಳಿಸುತ್ತಿತ್ತು.

“ಬರ್ಲಿ, ಬಾಗಿಲು ತಟ್ಲಿ,” ಎಂದು ಅಹಲ್ಯ ಡ್ರಿಲ್ಲನ್ನು ಅವನ ಕೈಗಿಟ್ಟಳು. “ನಾನು ನಡ್ಕೊಂಡೇ ಹೋಗಿ ತೆಗೀತೀನಿ.”