ಎದುರು ಮನೆಯ ಗಾಳಿ

ನಕ್ಷೆಯಮ್ಮ ಸ್ಟೂಲಿನ ಮೇಲೆ ನಿಂತು, ಬಾಗಿಲ ಮೇಲಿನ ಗೋಡೆಯ ತೂತಿನಿಂದ ಒಂದು ಹಳೆಯ ಟವೆಲನ್ನು ಎಳೆದಳು. ಪಕ್ಕದ ತೂತಿನಿಂದ ದಿಂಬಿನ ಕವರು ಬಂತು, ಅದರ ಪಕ್ಕದ್ದರಿಂದ ಹೊಲಿಗೆಯ ಚೂರುಬಟ್ಟೆಗಳ ಒಂದು ಗಂಟು. ಇಪ್ಪತ್ತನಾಲ್ಕು ತೂತುಗಳಲ್ಲಿ ಒಂದೂ ಖಾಲಿಯಿರಲಿಲ್ಲ. ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮನೆಯೊಡತಿ ಹೊಲಿಗೆಯ ಮಿಷನ್ ಬಿಟ್ಟೆದ್ದು, ಕತ್ತರಿ ಹಿಡಿದೇ ಬಂದು ಸ್ಟೂಲನ್ನು ಭದ್ರವಾಗಿ ಹಿಡಿದುಕೊಂಡಳು. ಹಿಡಿದದ್ದು ಬೀಳದಿರಲೆಂದೋ ಬೀಳಿಸಲೆಂದೋ ತಿಳಿಯಲಿಲ್ಲ.

ಆ ಕಟ್ಟಡದ ನಕ್ಷೆ ಬರೆದವಳು ಸ್ಟೂಲಿನ ಮೇಲಿದ್ದವಳೇ. ಅದಕ್ಕೇ ಅಲ್ಲಿಯವರು ಇಟ್ಟ ಹೆಸರು ನಕ್ಷೆಯಮ್ಮ. ಸಮುದ್ರದಿಂದ ಕೂಗಳತೆಯಲ್ಲಿ, ಕಡಿಮೆ ವರಮಾನದವರಿಗೆಂದು ಕಟ್ಟಿದ ಪುಟ್ಟ ಪುಟ್ಟ ಮನೆಗಳು. ಗಾಳಿ ಸಮುದ್ರದ ಕಡೆಯ ಮನೆಯ ಕಿಟಕಿಯಿಂದ ಬಂದು, ಬಾಗಿಲ ಮೇಲಿನ ತೂತುಗಳಿಂದ ಹೊರಬಿದ್ದು, ನಡುವಿನ ಓಣಿ ದಾಟಿ, ಎದುರು ಮನೆಯ ತೂತುಗಳಲ್ಲಿ ನುಗ್ಗಬೇಕು. ಒಂದು ಮನೆಯವರು ಮುಚ್ಚಿದರೆ ಎರಡೂ ಮನೆಯವರು ಬೇಯಬೇಕು. ಈ ತೂತುಗಳೆಲ್ಲ ದಂಡದ ಕೆಲಸವೆಂದು ವಸತಿ ಕಚೇರಿಯ ಅಧಿಕಾರಿ ಮೊದಲಿನಿಂದಲೂ ಹೇಳುತ್ತಿದ್ದರು. ನಾಳೆ ಅವರೇ ಉಷ್ಣಮಾಪಕ ಹಿಡಿದು ಬರುವವರಿದ್ದರು. ಹೊರಗಿನದಕ್ಕಿಂತ ಒಳಗೆ ಮೂರು ಡಿಗ್ರಿಯಾದರೂ ತಂಪಿರದಿದ್ದರೆ, ಇನ್ನು ಕಟ್ಟಬೇಕಾದ ಮುನ್ನೂರು ಮನೆಗಳಿಗೆ ತೂತಿಲ್ಲದ ಗೋಡೆಯೇ ಗತಿ.

ಗಾಳಿಯ ಮೇಲೆ ತನಗೇನೂ ಸಿಟ್ಟಿಲ್ಲವೆಂದಳು ಹೊಲಿಗೆಯವಳು. "ಗಾಳಿ ಹೋಗೋ ದಾರೀಲಿ ನಮ್ಮನೆ ಮಾತೂ ಹೋಗುತ್ತೆ ಮೇಡಂ, ಅದೇ ಕಷ್ಟ." ಹತ್ತು ದಿನದ ಹಿಂದೆ, ತನ್ನ ಹುಟ್ಟಿದ ದಿನವನ್ನು ಮರೆತನೆಂದು ಬಸ್ಸಿನ ಡ್ರೈವರಾದ ಗಂಡನನ್ನು ಅವಳು ತರಾಟೆಗೆ ತೆಗೆದುಕೊಂಡಿದ್ದಳಂತೆ, ಅದೂ ತಗ್ಗಿದ ದನಿಯಲ್ಲಿ. ಸಂಜೆ ಎದುರು ಮನೆಯ ತಾತ ಪ್ರಾರ್ಥನೆಗೆ ಕೂತರು. ಅವರು ನಿವೃತ್ತ ಪೋಸ್ಟ್‌ಮ್ಯಾನ್, ದೇವರ ಹತ್ತಿರ ಗಟ್ಟಿಯಾಗಿಯೇ ಮಾತಾಡುವವರು. ಎದುರು ಮನೆಯ ಹುಡುಗನಿಗೆ ಹೆಂಡತಿಯ ಹುಟ್ಟಿದ ದಿನ ನೆನಪಿಡುವಷ್ಟು ಬುದ್ಧಿ ಕೊಡಪ್ಪಾ ಎಂದು ಬೇಡಿಕೊಂಡರು. ಕೆಳಗಿನ ಮಹಡಿಯಿಂದ ಯಾರೋ ತಥಾಸ್ತು ಅಂದರು. ಮರುದಿನ ಗಂಡನ ಗೊರಕೆಯ ಸಲುವಾಗಿ ಪ್ರಾರ್ಥನೆಯಾಯಿತು. ಅದರ ಮರುದಿನ ಅತ್ತೆಯ ಸಲುವಾಗಿ.

"ಅತ್ತೆಯ ವಿಷಯ ದೇವರ ತನಕ ಹೋಯ್ತು," ಅಂದಳು ಹೊಲಿಗೆಯವಳು. "ಅಲ್ಲಿಂದ ಅತ್ತೆಯ ತನಕ ಬರೋದಕ್ಕೆ ಎಷ್ಟು ಹೊತ್ತು ಹೇಳಿ?"

ನಕ್ಷೆಯಮ್ಮನಿಗೆ ನಗು ಬಂತು. ನಾಳೆಯದು ನೆನಪಾಗಿ ಅದು ಅರ್ಧಕ್ಕೇ ನಿಂತಿತು. ಓಣಿ ದಾಟಿ ತಾತನ ಮನೆಗೆ ಹೋದಳು. ಒಳಗೆ ಒಲೆಯ ಬಾಯಿಗೆ ಮುಖ ಇಟ್ಟ ಹಾಗಿತ್ತು. ತಾತ ಮಾತ್ರ ತಮ್ಮ ಕಡೆಯ ತೂತುಗಳನ್ನೆಲ್ಲ ತೆರೆದೇ ಇಟ್ಟು, ಅವುಗಳ ಕೆಳಗೇ ಕುರ್ಚಿ ಹಾಕಿಕೊಂಡು, ನೆತ್ತಿಯ ಮೇಲೆ ಒದ್ದೆ ಬಟ್ಟೆ ಹೊದ್ದು ಕೂತಿದ್ದರು. ಅವಳು ಬಂದ ವಿಷಯವನ್ನು ಸುತ್ತಿ ಬಳಸದೆ ಹೇಳಿದಳು.

"ಮನಸ್ಸಿನಲ್ಲೇ ಬೇಡಿಕೊಳ್ಳೋಕೆ ಆಗಲ್ವಾ ತಾತ? ದೇವರ ಕಿವಿ ಚುರುಕಾಗೇ ಇದೆ."

"ದೇವರದು ಚುರುಕೇ ತಾಯಿ. ನಮ್ಮನೆಯವಳದು ಮಂದ," ಅಂದರು ತಾತ. "ನಲವತ್ತು ವರ್ಷ ಅವಳಿಗೂ ಕೇಳ್ಲಿ ಅಂತ ಗಟ್ಟಿಯಾಗಿ ಹೇಳಿ ಹೇಳಿ ಅದೇ ರೂಢಿಯಾಯ್ತು. ಅವಳು ಹೋಗಿ ಎಂಟು ತಿಂಗಳು. ನನಗೆ ಅಂತ ಕೇಳೋದು ಇನ್ನೇನೂ ಉಳಿದಿಲ್ಲ. ದೇವರ ಮುಂದೆ ಸುಮ್ಮನೆ ಕೂತು ಎದ್ದು ಬರೋಕೆ ಸಂಕೋಚ, ಅದಕ್ಕೇ ಇವರ ಪರವಾಗಿ ಕೇಳ್ತಿದ್ದೆ." ಕಳ್ಳತನ ಒಪ್ಪಿಕೊಳ್ಳುವವರಂತೆ ದನಿ ತಗ್ಗಿಸಿದರು. "ಆ ಹುಡುಗಿ ಗಂಡನ್ನ ಬೈಯೋದು ಕಿವಿಗೆ ಹಿತ ಕಣಮ್ಮ. ನನ್ನನ್ನ ಬೈಯೋರು ಈಗ ಯಾರೂ ಇಲ್ಲವಲ್ಲ."

ಓಣಿಯ ಅಗಲ ಐದೇ ಅಡಿ. ತಾತನ ತಗ್ಗಿದ ದನಿಯೂ ಬೇರೆಯವರ ಗಟ್ಟಿ ದನಿಯಷ್ಟಿತ್ತು. ಎದುರುಗಡೆ ಹೊಲಿಗೆಯ ಮಿಷನ್ನಿನ ಸದ್ದು ನಿಂತಿತು. ಸ್ಟೂಲು ಎಳೆದ ಶಬ್ದವಾಯಿತು. ಅರ್ಧ ಗಳಿಗೆಯಲ್ಲಿ ತಾತನ ತಲೆಯ ಬಟ್ಟೆ ಹಾರಿ ನೆಲಕ್ಕೆ ಬಿತ್ತು, ಅದರ ಕೆಳಗಿದ್ದ ನಾಲ್ಕು ಕೂದಲು ಎದ್ದು ನಿಂತವು.

ಮರುದಿನ ಮಧ್ಯಾಹ್ನ ಅಧಿಕಾರಿ ಬಂದು, ಮೊದಲು ಹೊರಗೆ, ಆಮೇಲೆ ತಾತನ ಕೋಣೆಯಲ್ಲಿ ಉಷ್ಣಮಾಪಕ ಹಿಡಿದರು. ಮೂರೂವರೆ ಡಿಗ್ರಿ ಕಡಿಮೆ ತೋರಿಸಿತು. ಅದನ್ನು ಬೆರಳಿನಿಂದ ತಟ್ಟಿ ನೋಡಿದರು. ಅದು ಮಾತು ಬದಲಿಸಲಿಲ್ಲ. ಅಷ್ಟರಲ್ಲಿ ಎದುರು ಮನೆಯಿಂದ ಬೈಗುಳ ಶುರುವಾಯಿತು. ಊಟವಾಗಿ ಅರ್ಧ ಗಂಟೆಯಾಯಿತು, ಮಾತ್ರೆ ನುಂಗುವುದಕ್ಕೆ ಮುಹೂರ್ತ ನೋಡಬೇಕೋ? ಒಗೆಯುವ ಅಂಗಿಯನ್ನು ನಿನ್ನೆಯೇ ಕೊಡಿ ಎಂದಿದ್ದರೆ ಇವತ್ತೂ ಅದನ್ನೇ ತೊಟ್ಟು ಕೂತಿರುವುದೋ? ಹೇಳಿದ್ದನ್ನು ಒಂದು ದಿನವಾದರೂ ಕೇಳಿದ್ದುಂಟೋ?

ಅಧಿಕಾರಿಯ ಮುಖ ಅರಳಿತು. ಪೆನ್ನು ತೆಗೆದು, ನಕ್ಷೆಯಮ್ಮನ ಕಡೆ ಒಮ್ಮೆ ನೋಡಿ, ತಾತನ ಹತ್ತಿರ ಬಾಗಿದರು. "ಹೀಗೆ ದಿನಾ ಗಂಡನ್ನ ಬೈತಾ ಇದ್ರೆ ನಿಮಗೆ ತೊಂದರೆ ಆಗಲ್ವಾ ಯಜಮಾನ್ರೇ? ಸಂಕೋಚ ಬೇಡ, ಬರ್ಕೊಳ್ತೀನಿ."

"ಅವಳ ಗಂಡ ಬೆಳಿಗ್ಗೆ ಐದಕ್ಕೇ ಬಸ್ಸು ತಗೊಂಡು ಹೋದ ಸಾರ್," ಅಂದರು ತಾತ. ಎದ್ದು ನಿಂತು, ಬಿರುದು ತೆಗೆದುಕೊಳ್ಳಲು ಹೊರಟವರಂತೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. "ಇದು ನನಗೆ."