ನೇರಳೆ ಬಟ್ಟೆಯೊಳಗಿನ ಬೆಳಕು

"ಬಟ್ಟೆ ಒಳಗಿಂದ ಬೆಳಕು ಬರ್ತಾ ಇದೆ! ಕಣ್ಣಾರೆ ಕಂಡೆ!" ಎಂದು ಚರ್ಚ್ ಸಮಿತಿಯ ಅಧ್ಯಕ್ಷರು ಮಂಡಿಯೂರಿದ್ದೇ ತಡ, ಹಿಂದಿನ ಸಾಲುಗಳೆಲ್ಲ ಕುರಿಮಂದೆಯಂತೆ ಮಂಡಿಯೂರಿದವು. ಮೇಣದಬತ್ತಿ ಹಚ್ಚುತ್ತಿದ್ದ ಚರ್ಚಿನ ಆಳು ತುಟಿ ಕಚ್ಚಿ ನಗು ನುಂಗಿದ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಪ್ರತಿಮೆಗಳಿಗೆ ನೇರಳೆ ಬಟ್ಟೆ ಹೊದಿಸುವುದು ಅವನದೇ ಕೆಲಸ. ಯೇಸುವಿನ ಪ್ರತಿಮೆ ಬಣ್ಣ ಬಳಿಸಲು ಹೋಗಿತ್ತು. ಜಾಗ ಬೋಳಾಗಿ ಕಾಣಬಾರದೆಂದು ಅಲ್ಲೊಂದು ಏಣಿ ನಿಲ್ಲಿಸಿ ಬಟ್ಟೆ ಹೊದಿಸಿದ್ದ. ಏಣಿಯಿಂದ ಬೆಳಕಂತೆ, ಬೆಳಕು! ಮೂರು ವಾರದಿಂದ ಅವನಿಗಿದು ಪುಕ್ಕಟೆ ನಾಟಕ.

ಪೂಜೆ ಮುಗಿದು ಎಲ್ಲರೂ ಹೋದ ಮೇಲೆ, ಕಣ್ಣು ಕಾಣದ ಅವನ ತಾಯಿ ಗೋಡೆ ಹಿಡಿದು ಬಂದು ಬಟ್ಟೆಯ ಮೇಲೆ ಕೈಯಾಡಿಸಿದಳು. ಮೆಟ್ಟಿಲುಗಳನ್ನು ಒಂದೊಂದಾಗಿ ಮುಟ್ಟಿ, "ಏಣಿ" ಎಂದಳು.

"ಹೂಂ ಕಣಮ್ಮ! ಕಣ್ಣಿದ್ದೂ ಕುರುಡ್ರು, ದಿನಾ ಏಣಿಗೆ ಕೈ ಮುಗೀತಾರೆ!" ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ತಾಯಿ ನಗಲಿಲ್ಲ. ಏಣಿಯ ಬುಡದಲ್ಲಿ ನಿಧಾನವಾಗಿ ಮಂಡಿಯೂರಿದಳು.

"ಅವರು ಏಣಿ ಮುಂದಾದ್ರೂ ಮಂಡಿ ಊರಿದ್ರು. ಇಪ್ಪತ್ತು ವರ್ಷದಿಂದ ನಿನ್ನ ಪ್ಯಾಂಟು ಒಗೀತಾ ಇದೀನಿ. ಮಂಡಿ ಹತ್ರ ಸವೆದಿದ್ದು ಒಂದೇ ಒಂದ್ಸಲಾನೂ ನನ್ನ ಕೈಗೆ ಸಿಕ್ಕಿಲ್ಲ ಕಣೋ."